ಗಡಸು ನೀರಿನ ಸಂಸಾರ

ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆಬಾವಿ ನೀರಿನಲ್ಲಿ ಬೇಳೆ ಬೇಗ ಬೇಯದು, ಸೋಪು ನೊರೆ ಕಟ್ಟದು, ನಲ್ಲಿಯ ಮೂತಿಗೆ ಬಿಳಿ ಕರೆ ಕೂರುವುದು ತಪ್ಪದು ಎಂಬ ಮೂರು ಸತ್ಯಗಳನ್ನು ಗೃಹಿಣಿಯರು ಬಹುಕಾಲದಿಂದ ಬಲ್ಲರು. ಗೃಹಸ್ಥನಿಗೆ ಮಾತ್ರ ಜ್ಞಾನೋದಯವಾಗುವುದು ಗಾಜಿನ ತೊಟ್ಟಿಯೊಂದನ್ನು ತಂದು ಅದರಲ್ಲಿ ಮೀನು ಬಿಟ್ಟು ಗಿಡ ನೆಟ್ಟ ಮೇಲೆಯೇ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಒಟ್ಟು ಲೆಕ್ಕಕ್ಕೆ ಜಿಎಚ್ ಎಂದೂ, ಆಮ್ಲವನ್ನು ಹೀರಿ ಪಿಎಚ್ ಕುಸಿಯದಂತೆ ತಡೆಯುವ ಬೈಕಾರ್ಬನೇಟಿನ ಲೆಕ್ಕಕ್ಕೆ ಕೆಎಚ್ ಎಂದೂ ಹೆಸರು; ಎರಡನ್ನೂ ಅಳೆಯುವ ಡಿಗ್ರಿ ಜರ್ಮನಿಯಿಂದ ಬಂದದ್ದು, ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿಗೆ ಸಮ. ಕೆಎಚ್ ಅಳೆಯುವ ಕ್ರಮ ಬಲು ಗಂಭೀರವಾದದ್ದು: 5 ಮಿಲಿಲೀಟರ್ ನೀರನ್ನು ನಳಿಕೆಗೆ ತುಂಬಿ, ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ದ್ರಾವಣವನ್ನು ಬಿಟ್ಟು, ಹನಿಗೊಂದು ಡಿಗ್ರಿಯಂತೆ ಎಣಿಸಬೇಕು. ಮಗುವಿಗೆ ಪೋಲಿಯೊ ಹನಿ ಹಾಕಿಸುವಾಗ ಎತ್ತಲೋ ನೋಡುತ್ತಿದ್ದ ಗೃಹಸ್ಥ ಇಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ.

ಗಿಡದ ಹಸಿವಾದರೋ ಇಂಗಾಲದ್ದು. ಗಾಳಿಗೆ ತೆರೆದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಮಿನ ಆಸುಪಾಸಿನಲ್ಲಷ್ಟೇ ಕರಗಿರುತ್ತದೆ. ಅದೂ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ಸಸ್ಯಪ್ರಿಯರು ಅದನ್ನು 30 ಮಿಲಿಗ್ರಾಮಿಗೆ ಏರಿಸಲು ಹೆಣಗುತ್ತಾರೆ. ಸಿಲಿಂಡರಿನ ಬೆಲೆ ಕೇಳಿ ಹಿಂಜರಿದವರು ಬಾಟಲಿಯಲ್ಲಿ ಸಕ್ಕರೆನೀರಿಗೆ ಯೀಸ್ಟ್ ಬೆರೆಸಿ, ಹುದುಗಿನಿಂದೇಳುವ ಅನಿಲವನ್ನು ಸಣ್ಣ ಪೈಪಿನಲ್ಲಿ ತೊಟ್ಟಿಗೆ ಹಾಯಿಸುವುದುಂಟು. ಹುದುಗು ಅನಿಲದ ಜತೆಗೆ ಮದ್ಯಸಾರವನ್ನೂ ಕೊಡುವುದರಿಂದ, ಸತ್ಯನಾರಾಯಣ ಪೂಜೆಗೆ ಬಂದ ನೆಂಟರು ನಡುಮನೆಯಲ್ಲಿ ಹೆಂಡದ ವಾಸನೆ ಹಿಡಿದು, ಮೀನುಗಳನ್ನು ಶಂಕಿಸಲಾರದೆ, ಯಜಮಾನನ ಮುಖವನ್ನೇ ದಿಟ್ಟಿಸುವ ಪ್ರಸಂಗ ಬರಬಹುದು.

ಕರಗಿದ ಅನಿಲವೆಷ್ಟೆಂದು ತಿಳಿಯಲು, ಏಳರಲ್ಲಿ ಪಿಎಚ್ ಕಳೆದು ಉಳಿದದ್ದನ್ನು ಹತ್ತರ ಘಾತವಾಗಿಸಿ, ಅದನ್ನು ಕೆಎಚ್‌ನ ಮೂರರಷ್ಟರಿಂದ ಗುಣಿಸಬೇಕು: ಕೆಎಚ್ 4, ಪಿಎಚ್ 6.6 ಆದರೆ ಉತ್ತರ ಸುಮಾರು 30. ನೀರಿನಲ್ಲಿ ಕಾರ್ಬೊನಿಕ್ ಆಮ್ಲವಲ್ಲದೆ ಬೇರೆ ಆಮ್ಲವಿಲ್ಲವೆಂಬ ನಂಬಿಕೆಯ ಮೇಲೆ ನಿಂತ ಈ ಸೂತ್ರ, ಅಲಂಕಾರದ ಮರದ ಬೊಡ್ಡೆಯಿಂದ ಟ್ಯಾನಿನ್ ಇಳಿದೊಡನೆ ಸುಳ್ಳುಸಾಕ್ಷಿ ನುಡಿಯುತ್ತದೆ. ಮಲ್ಪೆಯ ತೀರದಲ್ಲಿ ಹೆಕ್ಕಿ ತಂದ ಚಿಪ್ಪುಗಳದು ಇನ್ನೊಂದು ಬಗೆಯ ದ್ರೋಹ: ಅನಿಲದಿಂದ ಹುಳಿಯಾದ ನೀರು ಚಿಪ್ಪನ್ನು ಕರಗಿಸಿ ಗಡಸುತನ ಏರಿಸುತ್ತಿದ್ದರೆ, ಅದು ಹೊಳೆಯದ ಯಜಮಾನ ವಾರವಾರವೂ ಬಕೆಟ್ ಹೊರುತ್ತಿರುತ್ತಾನೆ.

ಆದಕಾರಣ ಹಲವರ ನಂಬಿಕೆ ಡ್ರಾಪ್ ಚೆಕರ್ ಎಂಬ ಗಾಜಿನ ಬುಡ್ಡಿಯ ಮೇಲೆ. ಅದರೊಳಗಿನ ಕೆಎಚ್ 4ರ ನೀರು, ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕದೊಡಗೂಡಿ, ತೊಟ್ಟಿಯ ನೀರನ್ನು ಮುಟ್ಟದೆ ನಡುವಣ ಗಾಳಿಯನ್ನು ದಾಟಿ ಬಂದ ಅನಿಲದಿಂದಲೇ ಬಣ್ಣ ಬದಲಿಸುತ್ತದೆ. ನೀಲಿಯೆಂದರೆ ಗಿಡಗಳಿಗೆ ಉಪವಾಸ, ಹಸಿರೆಂದರೆ ಸುಭಿಕ್ಷ, ಹಳದಿಯೆಂದರೆ ಮೀನುಗಳಿಗೆ ಗಂಡಾಂತರ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಆರತಿ ಮಾಡುವ ಅಜ್ಜಿಗೆ ಈ ವಿದ್ಯೆ ಹೊಸತೇನಲ್ಲ. ಆದರೆ ಅಜ್ಜಿಯ ಆರತಿ ತಕ್ಷಣ ಕೆಂಪಾಗುತ್ತದೆ, ಬುಡ್ಡಿಯಾದರೋ ಒಂದೆರಡು ಗಂಟೆ ತಡವಾಗಿ ಬಾಯಿಬಿಡುತ್ತದೆ, ಅಷ್ಟರೊಳಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತಾವೇ ವರದಿ ಒಪ್ಪಿಸಿರುತ್ತವೆ.

ಕೊನೆಗೆ ಶರಣು ಹೋಗುವುದು ಆರ್‌ಓ ಯಂತ್ರಕ್ಕೆ. ಅದು ಲವಣಗಳನ್ನು ಬಹುಪಾಲು ತೆಗೆದುಬಿಡುವುದರಿಂದ, ಬರಿಯ ಆರ್‌ಓ ನೀರಿನಲ್ಲಿ ಕೆಎಚ್ ಆಸರೆಯಿಲ್ಲದೆ ಪಿಎಚ್ ಕುಸಿಯುವ ಭಯವಿದ್ದು, ಅದಕ್ಕೆ ಕೊಳವೆಬಾವಿ ನೀರನ್ನೇ ಅಷ್ಟಿಷ್ಟು ಬೆರೆಸಿ ಹದ ಮಾಡಬೇಕಾಗುತ್ತದೆ. ಯಂತ್ರ ಸೋಸಿಕೊಟ್ಟ ಮೊದಲ ಎರಡು ಕೊಡ ತೊಟ್ಟಿಗೆ ಮೀಸಲಾಗುವ ಭಾನುವಾರ, ಅಡುಗೆಮನೆಯಲ್ಲಿ ಕುಕ್ಕರು ಐದು ಸಲ ಕೂಗಿದರೂ ತೊಗರಿಬೇಳೆ ಬೆಂದಿರುವುದಿಲ್ಲ.