ರಾತ್ರಿಗೆ ಬರೀ ಗಂಜಿ

ಕಲಬುರಗಿ, ಬೀದರ್ ಕಡೆಯಿಂದ ಬಂದು ಹೈದರಾಬಾದಿನ ಉಪ್ಪಲ್‌ನ ಅಪಾರ್ಟ್‌ಮೆಂಟುಗಳಲ್ಲಿ ಮಗನ ಮನೆ ಸೇರಿದ ಹಿರಿಯರಿಗೆ ಅರವತ್ತೈದು ದಾಟುತ್ತಲೇ ಒಂದು ವೈರಾಗ್ಯ ಬರುತ್ತದೆ. ಆಸ್ತಿಯ ತಂಟೆಗೆ ಹೋಗದ ಈ ವೈರಾಗ್ಯ ನೇರ ಬೇಳೆಯ ಮೇಲೆ ಬೀಳುತ್ತದೆ.

“ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಮಾಂವಾರ? ಪಲ್ಯಾ ಐತಿ.”

“ಬ್ಯಾಡವ್ವ, ವಯಸ್ಸಾತು. ರಾತ್ರಿಗೆ ಬರೀ ಗಂಜಿ ಸಾಕು.”

ಸಂಜೆ ಚಹಾದಲ್ಲಿ ಅದ್ದಿ ತಿಂದ ಉಸ್ಮಾನಿಯಾ ಬಿಸ್ಕತ್ತುಗಳು ಈ ಸಂಯಮದ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಸೋಫಾದಿಂದ ಏಳಬೇಕಾದರೆ ಎರಡೂ ಕೈ ಊರಿ ಊರ ದೇವರು ಶರಣಬಸಪ್ಪನನ್ನು ಕೂಗಬೇಕು. ಬೈಗುಳವೆಲ್ಲ ಮಂಡಿಗೆ.

ಮಂಡಿ ಎಷ್ಟೋ ಸಲ ನಿರಪರಾಧಿ, ಸೊರಗಿದ್ದು ತೊಡೆ. ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯಾ’ ಎಂದು ಹೆಸರಿಟ್ಟರು. ಎಳೆಯ ಸ್ನಾಯು ತುಸು ಪ್ರೋಟೀನ್ ಸಿಕ್ಕರೂ ಕೆಲಸಕ್ಕಿಳಿಯುತ್ತದೆ. ಮುದಿ ಸ್ನಾಯು ಹಳೇ ಸರ್ಕಾರಿ ಗುಮಾಸ್ತರ ಹಾಗೆ, ಹೆಚ್ಚು ಕೊಡದೆ ಕಡತ ಮುಟ್ಟುವುದಿಲ್ಲ.

ಎಷ್ಟು ಕೊಡಬೇಕು? ಉತ್ತರ ಹೇಳುವವರು ಉಪ್ಪಲ್‌ಗೆ ಹತ್ತಿರದಲ್ಲೇ ಇದ್ದಾರೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಸಂಶೋಧನೆಗೆಂದು ಶುರುವಾಗಿ, 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ತಾರ್ನಾಕಾದಲ್ಲಿ. ಅದರ 2020ರ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ಅರವತ್ತು ಕಿಲೋದವರಿಗೆ ಸುಮಾರು 50 ಗ್ರಾಂ. ವೃದ್ಧರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆನ್ನುವ ತಜ್ಞರೂ ಇದ್ದಾರೆ. ಐವತ್ತು ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ನಾಲ್ಕು ಗ್ರಾಂ!

ಅದೂ ಕಲಬುರಗಿಯವರು ಬೇಳೆ ಬಿಡುವುದೆಂದರೆ! ಅಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೇ ಸಿಕ್ಕಿದೆ. ನೂರು ಗ್ರಾಂ ಬೇಳೆಯಲ್ಲಿ ಇಪ್ಪತ್ತು ಗ್ರಾಮಿಗೂ ಮಿಕ್ಕಿ ಪ್ರೋಟೀನ್ ಇದೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನ್ ಘಟಕ ಬೇಳೆಯಲ್ಲಿ ಧಾರಾಳ, ಆದ್ದರಿಂದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರಿನ ಹಳೇ ತಾಟಿಗೆ ಯಾವ ಡಬ್ಬಿಯ ಪುಡಿಯೂ ಬೇಕಿಲ್ಲ. ಬೆಳಿಗ್ಗೆ ಟಿಫಿನ್ ಸೆಂಟರಿನ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ನಡೆದೀತು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ ಆರು ಗ್ರಾಂ. ಎಲ್ಲವನ್ನೂ ಮಧ್ಯಾಹ್ನವೇ ಮುಗಿಸದೆ ಮೂರು ಹೊತ್ತಿಗೂ ಹಂಚಿಕೊಂಡರೆ ಒಳ್ಳೆಯದು.

ತಿಂದು ಮತ್ತೆ ಸೋಫಾಕ್ಕೆ ಒರಗುವವರು ಬಾಸ್ಟನ್ನಿನ ಕಥೆ ಕೇಳಬೇಕು. 1994ರಲ್ಲಿ ಮರಿಯಾ ಫಿಯಾಟರೋನ್ ತಂಡ ಅಲ್ಲಿಯ ವೃದ್ಧಾಶ್ರಮದ ನೂರು ಜನರನ್ನು ಪರೀಕ್ಷಿಸಿತು. ಸರಾಸರಿ ವಯಸ್ಸು 87. ಹತ್ತು ವಾರ ಕಾಲಿನ ಕಸರತ್ತು ಮಾಡಿದವರ ಬಲ ಇಮ್ಮಡಿ ಮೀರಿತು. ಪೌಷ್ಟಿಕ ಪಾನೀಯ ಮಾತ್ರ ಕುಡಿದು ಕುಳಿತವರಿಗೆ ಬಲ ಬರಲಿಲ್ಲ.

ಮೂತ್ರಪಿಂಡದ ತೊಂದರೆ ಇದ್ದವರು ಬೇಳೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ, ಪಾರ್ಕಿನ ಬೆಂಚಿನವರನ್ನಲ್ಲ.