ಬೋರಿಗೆ ಬಂದ ಯೆಜ್ಡಿ: ಮಾಲೀಕರ ಕೈಪಿಡಿ

ಪೀಠಿಕೆ

ಈ ಕೈಪಿಡಿಯನ್ನು ಕೊನೆಯವರೆಗೆ ಓದದೆ ಯಾರೂ ಸ್ಪ್ಯಾನರ್ ಮುಟ್ಟತಕ್ಕದ್ದಲ್ಲ. ಓದಿದ ಮೇಲೂ ಕೈ ತುರಿಸಿದರೆ ಮುಂದಿನ ಆಗುಹೋಗುಗಳಿಗೆ ನೀವೇ ಹೊಣೆ.

ಅಪ್ಪನ ಕಾಲದ ಯೆಜ್ಡಿ 250 ಇನ್ನೂ ಪೋರ್ಟಿಕೋದಲ್ಲಿ ಎಣ್ಣೆ ಸುರಿಸುತ್ತ ನಿಂತಿರುವ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಗಾಗಿ ಇದನ್ನು ಬರೆಯಲಾಗಿದೆ. ಗಾಡಿಯ ತವರು ಮೈಸೂರಿನ ಯಾದವಗಿರಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕು ಬಂತು, ಆದರೆ ಅದು ಫೋರ್ ಸ್ಟ್ರೋಕು. ಅದರ ಪಿಸ್ಟನ್ನಿಗೂ ನಿಮ್ಮ ಬ್ಲಾಕಿಗೂ ನೆಂಟಸ್ತಿಕೆಯಿಲ್ಲ. ಹಾಗಾಗಿ ಇವತ್ತು ನೀವು ಕೊಳ್ಳುವ ಪಿಸ್ಟನ್ ಕಿಟ್ಟನ್ನು ಬೇರೆ ಯಾರೋ ಎರಕ ಹೊಯ್ದಿರುತ್ತಾರೆ. ಅಂಗಡಿಯವರು ‘ಒರಿಜಿನಲ್ ಸಾರ್’ ಅಂದರೆ ವಾದಕ್ಕಿಳಿಯಬೇಡಿ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ ಎಂದಷ್ಟೇ ಅದರ ಅರ್ಥ.

ಪದದ ಅರ್ಥ

ಮೆಕ್ಯಾನಿಕ್ ‘ಬೋರಿಗೆ ಬಂದಿದೆ’ ಅಂದರೆ ಗಾಡಿಗೆ ಬೇಸರ ಬಂದಿದೆ ಎಂದಲ್ಲ. ಕೊಳವೆಬಾವಿಯ ಮಾತೂ ಅಲ್ಲ. ವಿಜಯನಗರದಲ್ಲಿ ಆ ಬೋರ್ ಹಾಕಿಸಲು ನೂರಾರು ಅಡಿ ಕೊರೆಯಬೇಕು. ಇಲ್ಲಿ ಸವೆದ ಸಿಲಿಂಡರ್ ಬ್ಲಾಕಿನ ಒಳಗೋಡೆಯಲ್ಲಿ ಕೊರೆಯಬೇಕಾದ್ದು ಕಾಲು ಮಿಲಿಮೀಟರ್. ಖರ್ಚು ಹೋಲಿಸಬಾರದು, ಆತಂಕ ಮಾತ್ರ ಎರಡರಲ್ಲೂ ಒಂದೇ.

ಹಂತ 1: ಕಾಯಿಲೆ ಹಿಡಿಯುವುದು

ಕಿಕ್ಕರನ್ನು ಕೈಯಲ್ಲೇ ಅದುಮಲು ಬಂದರೆ, ಮಹಾಲಕ್ಷ್ಮಿ ಲೇಔಟ್ ಏರಿನಲ್ಲಿ ಸೈಕಲ್ಲಿನವನು ನಿಮ್ಮನ್ನು ದಾಟಿಹೋದರೆ, ಟಕಟಕ ಸದ್ದು ಕೇಳಿ ಪಕ್ಕದ ಮನೆ ಅಂಕಲ್ ಗೇಟಿನ ಹತ್ತಿರ ಬಂದರೆ, ಬ್ಲಾಕ್ ಬಿಚ್ಚುವ ಕಾಲ ಬಂದಿದೆ. ‘ಇದರ ಬದಲು ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೋಬಹುದಿತ್ತಲ್ಲಪ್ಪ’ ಎಂದು ಅಂಕಲ್ ಹೇಳುತ್ತಾರೆ. ‘ಹೌದು ಅಂಕಲ್’ ಅನ್ನಿ. ಇದೂ ಪ್ರಕ್ರಿಯೆಯ ಭಾಗ.

ಗಾಡಿ ಓಡುತ್ತಲೇ ಪಿಸ್ಟನ್ ಬಿಗಿದು ಸೀಜ್ ಆಗಿದ್ದರೆ ಹೊಸ ಪಿಸ್ಟನ್ ಹಾಕುವ ಮೊದಲು ಹಳೆಯದು ಯಾಕೆ ಸತ್ತಿತು ಎಂದು ಕೇಳಿ. ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಗಾಳಿ ಎಳೆಯುತ್ತಿತ್ತೆ? ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡಿತ್ತೆ? ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತಿರಾ? ಕಾರಣ ಹುಡುಕದೆ ಕಿಟ್ ಹಾಕಿದರೆ ಮುಂದಿನ ತಿಂಗಳು ಇದೇ ಪುಟಕ್ಕೆ ಮರಳುತ್ತೀರಿ.

ಬೇಸಿಗೆ ಮಳೆಗೆ ಮರ ಬಿದ್ದಾಗ ನಮ್ಮ ಬೀದಿಗೆ ಬರುತ್ತದಲ್ಲ ಮರ ಕುಯ್ಯುವ ಮಿಷನ್ನು, ಅದೂ ಇದೇ ಟೂ ಸ್ಟ್ರೋಕ್ ಜಾತಿ. ಅದಕ್ಕೂ ಬರುವುದು ಇದೇ ಕಾಯಿಲೆ. ಆದರೆ ಅದರ ಸಿಲಿಂಡರು ಅಲ್ಯೂಮಿನಿಯಂ, ಒಳಗೆ ಗಟ್ಟಿ ಲೋಹದ ತೆಳು ಲೇಪ. ಕೊರೆದರೆ ಲೇಪವೇ ಹೋಗುತ್ತದೆ, ಆದ್ದರಿಂದ ಸಿಲಿಂಡರು, ಪಿಸ್ಟನ್ನು ಜೋಡಿಯಾಗಿಯೇ ಬದಲಾಗಬೇಕು. ಯೆಜ್ಡಿಯ ಒಳಗೋಡೆ ಬೀಡುಕಬ್ಬಿಣ. ಕೊರೆಸಿಕೊಂಡು ಮತ್ತೆ ಬದುಕುವ ಭಾಗ್ಯ ಅದಕ್ಕಿದೆ.

ಹಂತ 2: ಕಿಟ್ ಕೊಳ್ಳುವುದು

ಮೂಲ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ಸವೆದಂತೆಲ್ಲ 0.25, 0.50, 0.75, 1.00 ಎಂದು ದಪ್ಪ ಪಿಸ್ಟನ್‌ಗಳಿಗೆ ಏರುತ್ತ ಹೋಗಬೇಕು. ಕೊನೆಯ ಮೆಟ್ಟಿಲಿಗೆ ಬಂದಾಗ ನಿಮ್ಮ 249 ಸಿಸಿ ಇಂಜಿನ್ನು 256 ದಾಟಿರುತ್ತದೆ. ಈ ಅಭಿವೃದ್ಧಿಯನ್ನು ನೆಂಟರಿಗೆ ಹೇಳಿಕೊಳ್ಳಬಹುದು, ರಸ್ತೆಯಲ್ಲಿ ಗೊತ್ತಾಗುವುದಿಲ್ಲ.

ಡಬ್ಬಿ ಬಿಚ್ಚಿದ ಮೇಲೆ ನೋಡಬೇಕಾದ್ದು: ಪಿಸ್ಟನ್ನಿನ ತಲೆಯ ಮೇಲೆ ಬಾಣದ ಗುರುತಿದೆಯೆ? ರಿಂಗಿನ ಕಾಲುವೆಯಲ್ಲಿ ಸಣ್ಣ ಪಿನ್ ಗಟ್ಟಿಯಾಗಿ ಕೂತಿದೆಯೆ? ಅದು ಸಡಿಲವಾದರೆ ರಿಂಗು ತಿರುಗಿ, ಅದರ ತುದಿ ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ, ಸಿಕ್ಕಿ ಮುರಿಯುತ್ತದೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕುಗಳನ್ನು ಬೆರಳಲ್ಲಿ ಒತ್ತಿ ನೋಡಿ. ಹೇರ್‌ಪಿನ್ನಿನಂತೆ ಬಾಗಿದರೆ ಬೇರೆ ಕೊಳ್ಳಿ. ಮೂವತ್ತು ರೂಪಾಯಿ ಉಳಿಸಲು ಹೋಗಿ ಬ್ಲಾಕ್ ಕಳೆದುಕೊಂಡವರು ಈ ಊರಿನಲ್ಲಿ ಬಹಳ.

ಹಂತ 3: ಬೋರಿಂಗ್ ಅಂಗಡಿ

ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಲೇತಿನ ಸದ್ದು ಹಿಡಿದು ನಡೆಯಿರಿ. ಬ್ಲಾಕನ್ನು ಮಾತ್ರ ಒಯ್ದರೆ ಸ್ಟೂಲಿನ ಮೇಲೆ ಕೂತ ಹಿರಿಯರು ತಲೆಯೆತ್ತದೆ ಕೇಳುತ್ತಾರೆ: ‘ಪಿಸ್ಟನ್ ಎಲ್ಲಿ ಸಾರ್?’

‘ಅದು 0.50 ಅಣ್ಣ. ಡಬ್ಬಿ ಮೇಲೇ ಬರೆದಿದೆ.’

‘ಡಬ್ಬಿಗೆ ಬೋರ್ ಮಾಡ್ಲಾ, ಪಿಸ್ಟನ್ನಿಗೆ ಮಾಡ್ಲಾ?’

ಇಡೀ ಕೈಪಿಡಿಯಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಟೈಲರಿಗೆ ರವಿಕೆ ಹೊಲಿಯಲು ಕೊಡುವಾಗ ಬಟ್ಟೆಯ ಜೊತೆ ಅಳತೆಗೆ ಹಳೆಯ ರವಿಕೆ ಕೊಡುವುದಿಲ್ಲವೆ, ಹಾಗೆ ಪಿಸ್ಟನ್ನು ಕೊಡಬೇಕು. ಅವರು ಮೈಕ್ರೋಮೀಟರಿನಲ್ಲಿ ಪಿಸ್ಟನ್ನಿನ ಪಾವಡೆ, ಅಂದರೆ ಕೆಳಭಾಗ, ಅಳೆದು, ಅದಕ್ಕೆ ತಕ್ಕಂತೆ ಬ್ಲಾಕ್ ಕೊರೆಯುತ್ತಾರೆ. ಬಿಡಬೇಕಾದ ಸಂದು ಒಂದು ತಲೆಗೂದಲಿನಷ್ಟು. ಕಾಯಿಸಿದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಸಂದು ಕಡಿಮೆಯಾದರೆ ಪಿಸ್ಟನ್ ಬಿಗಿದುಕೊಳ್ಳುತ್ತದೆ, ಹೆಚ್ಚಾದರೆ ಮೊದಲ ದಿನದಿಂದಲೇ ಟಕಟಕ.

ನಾನು ಮೊದಲ ಸಲ ಡಬ್ಬಿಯನ್ನು ನಂಬಿದೆ. ಬ್ಲಾಕು 65.50ಕ್ಕೆ ಲೆಕ್ಕ ಹಾಕಿ ಕೊರೆಸಿಕೊಂಡಿತ್ತು. ಪಿಸ್ಟನ್ನಿಗೆ ಆ ಲೆಕ್ಕ ಯಾರೂ ಹೇಳಿರಲಿಲ್ಲ. ನಾಯಂಡಹಳ್ಳಿ ತಲುಪುವಷ್ಟರಲ್ಲಿ ಹಿಂದಿನ ಚಕ್ರ ಕಿರ್ ಎಂದು ನಿಂತಿತು. ಅಲ್ಲಿಂದ ಮನೆಯವರೆಗೆ ತಳ್ಳುವಾಗ ಈ ಕೈಪಿಡಿಯ ಕರಡು ಮನಸ್ಸಿನಲ್ಲಿ ಸಿದ್ಧವಾಯಿತು.

ಬೋರಾದ ಮೇಲೆ ಪೋರ್ಟುಗಳ ಅಂಚು ಚಾಕುವಿನಂತಿರುತ್ತದೆ. ಅದನ್ನು ಸವರಿಸಿಕೊಳ್ಳದೆ ಅಂಗಡಿ ಬಿಡಬೇಡಿ.

ಹಂತ 4: ತೊಳೆಯುವುದು

ಕೊರೆದ ಮೇಲೆ ಸಾಣೆಕಲ್ಲಿನಿಂದ ಹೋನಿಂಗ್ ಮಾಡಿದ ಬ್ಲಾಕಿನ ಗೀರುಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ, ಪುಡಿ ಉಳಿಯುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್ಷು ಬೇಕು. ಸಿಂಕಿನಲ್ಲಿ ತೊಳೆಯುವುದಿದ್ದರೆ ಮನೆಯವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿಕೊಳ್ಳಿ. ಬಿಳಿ ಪಂಚೆಯ ತುಂಡಿನಿಂದ ಒಳಗೆ ಒರೆಸಿ, ಬೂದುಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ. ಪಂಚೆ ಬೆಳ್ಳಗೆ ಹೊರಬಂದ ಕೂಡಲೇ ಆಯಿಲ್ ಸವರಿ. ಬೀಡಿಗೆ ತುಕ್ಕು ಹಿಡಿಯಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ಹಂತ 5: ಜೋಡಣೆ

ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಇದನ್ನು ಎರಡು ಸಲ ಓದಿ. ಗಜನ್ ಪಿನ್ನಿನ ಲಾಕು ಕೂರಿಸುವಾಗ ಅದು ಟಿಣ್ ಎಂದು ಹಾರುತ್ತದೆ. ಬಟ್ಟೆಯಿದ್ದರೆ ಮೂಲೆಯಲ್ಲಿ ಹುಡುಕಬೇಕಾಗುತ್ತದೆ, ಇಲ್ಲದಿದ್ದರೆ ಇಡೀ ಇಂಜಿನ್ ಇಳಿಸಬೇಕಾಗುತ್ತದೆ. ಹಳೆಯ ಲಾಕನ್ನು ಮತ್ತೆ ಹಾಕಬಾರದು.

ಪಿನ್ನು ಬಿಗಿಯಾಗಿದ್ದರೆ ಸುತ್ತಿಗೆ ಮುಟ್ಟದೆ ಪಿಸ್ಟನ್ನನ್ನು ಬಿಸಿನೀರಿನಲ್ಲಿ ಅದ್ದಿ. ಇಡ್ಲಿ ಪಾತ್ರೆ ಸರಿಯಾದ ಅಳತೆಯದು, ಆದರೆ ಈ ವಾಕ್ಯ ಕೈಪಿಡಿಯಲ್ಲಿತ್ತೆಂದು ಯಾರಿಗೂ ಹೇಳಬೇಡಿ. ಬಾಣದ ಮೂತಿ ಸೈಲೆನ್ಸರ್ ಪೈಪು ಸೇರುವ ಪೋರ್ಟಿನ ಕಡೆಗಿರಲಿ. ರಿಂಗಿನ ತುದಿಗಳನ್ನು ಕಾಲುವೆಯ ಸಣ್ಣ ಪಿನ್ನಿಗೆ ಹೊಂದಿಸಿ, ಬೆರಳಲ್ಲಿ ಅದುಮುತ್ತ ಬ್ಲಾಕನ್ನು ನಿಧಾನ ಇಳಿಸಿ. ಅಡ್ಡಿಯಾದರೆ ಒತ್ತಬೇಡಿ, ಮೇಲೆತ್ತಿ ನೋಡಿ. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಹೋಗಲೇಬೇಕೆಂದು ಹಿಂದಿನ ಶನಿವಾರ ಬ್ಲಾಕ್ ಬಿಚ್ಚಿದವರಿಗೆ ಈ ಹಂತದಲ್ಲಿ ಹೇಳಲು ಏನೂ ಉಳಿದಿಲ್ಲ.

ಹಂತ 6: ಪಳಗಿಸುವುದು

ಮೊದಲ 500 ಕಿ.ಮೀ.ವರೆಗೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಆಯಿಲ್ ಬೆರೆಸಿ. ವೇಗ ಗಂಟೆಗೆ 50 ಕಿ.ಮೀ. ಒಳಗೆ. ಈ ವೇಗಕ್ಕೆ ಬೆಂಗಳೂರಿನ ಸಂಚಾರ ಎಂದೂ ಅಡ್ಡಿಪಡಿಸಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲಿ ಇಳಿಯಬೇಡಿ. ಆಯಿಲ್ ಹೋಗುವುದು ಪೆಟ್ರೋಲಿನ ಜೊತೆ. ಅದು ನಿಂತರೆ ಇದೂ ನಿಂತಂತೆ.

ಮಾರ್ಗ: ಮೊದಲ ದಿನ ಕೆಂಗೇರಿ, ನಿಂತು ಇಂಜಿನ್ ಆರಿಸಿ ವಾಪಸ್ಸು. ಮುಂದಿನ ವಾರ ಬಿಡದಿ, ತಟ್ಟೆ ಇಡ್ಲಿ ಮುಗಿಯುವಷ್ಟು ಹೊತ್ತು ಇಂಜಿನ್ ಆರಲಿ. ಮೂರನೆಯದು ಮದ್ದೂರು, ವಡೆ. ಪ್ಲಗ್ ಬಿಚ್ಚಿ ನೋಡಿದರೆ ಹದವಾಗಿ ಹಾಲು ಬೆರೆತ ಫಿಲ್ಟರ್ ಕಾಫಿಯ ಬಣ್ಣ ಇರಬೇಕು. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕರಿ ಡಿಕಾಕ್ಷನ್ನಿನಂತೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು.

2023ರ ಆಗಸ್ಟ್ 1ರಿಂದ ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ. ಗಾಡಿ ತವರಿಗೆ ಹೋಗಬೇಕಾದರೂ ಸರ್ವಿಸ್ ರಸ್ತೆ, ಹಳೇ ರಸ್ತೆಯಲ್ಲೇ ಹೋಗಬೇಕು. ಕೊರಗಬೇಡಿ. ಇಡ್ಲಿ, ವಡೆ ಎರಡೂ ಇರುವುದು ಆ ಕಡೆಯೇ.

ಗ್ಯಾರಂಟಿ

ಇಲ್ಲ.

ಆದರೆ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿದಾಗ ಒಬ್ಬ ಹಿರಿಯರು ಬಂದೇ ಬರುತ್ತಾರೆ. ಟ್ಯಾಂಕಿನ ಮೇಲೆ ಕೈಯಿಟ್ಟು ‘ಎಲ್ಲಾ ಒರಿಜಿನಲ್ಲೇನಪ್ಪಾ?’ ಎಂದು ಕೇಳುತ್ತಾರೆ. ಚಾಸಿ, ಇಂಜಿನ್ ನಂಬರು, ಆರ್‌ಸಿಯಲ್ಲಿರುವ ಅಪ್ಪನ ಹೆಸರು, ಇವಿಷ್ಟು ಹೌದು. ಬ್ಲಾಕಿನ ಒಳಗೋಡೆ ಮೂರು ಸಲ ಕೊರೆಸಿಕೊಂಡು ಕಾಮಾಕ್ಷಿಪಾಳ್ಯದ ಗುಡಿಸಿದ ಕಸದಲ್ಲಿ ಹೋಗಿದೆ. ‘ಪಿಸ್ಟನ್ ಲೋಕಲ್ಲು ಸಾರ್, ಅಳತೆ ಮಾತ್ರ ಸರಿಯಾಗಿದೆ’ ಎಂದು ನಿಜ ಹೇಳಿ, ಕೀಲಿ ಕೊಡಿ.

ಅವರ ಕಾಲು ಕಿಕ್ಕರ್ ಹುಡುಕುವುದಿಲ್ಲ. ಕಿಕ್ಕರೂ ಆಗುವ ಗೇರ್ ಲಿವರನ್ನೇ ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ, ಒಂದೇ ಏಟಿಗೆ ಹೊಡೆಯುತ್ತದೆ. ಆಗ ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಅವರಿಗೆ ಒಂದು ಸುತ್ತು ಹೋಗಿಬರಲು ಹೇಳಿ. 50 ದಾಟಬೇಡಿ ಎಂದು ಹೇಳುವುದನ್ನು ಮರೆಯತಕ್ಕದ್ದಲ್ಲ.