ಅಥ ವರಾಹಪುಷ್ಟಿ ಮೀಮಾಂಸೆ

ಹಂದಿಯ ಮಾಂಸದಲ್ಲಿ ಎಷ್ಟು ಸತ್ವವಿದೆ ಎಂಬ ಪ್ರಶ್ನೆಯನ್ನು ಬಾಗಲಕೋಟೆ ಸೀಮೆಯಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಯಾರೂ ಕೇಳದ ಪ್ರಶ್ನೆಗೆ ಯಾರಿಗೂ ಬೇಡದ ಉತ್ತರ ಕೊಡುವುದೇ ಸಂಶೋಧನೆಯ ಲಕ್ಷಣವಾದ್ದರಿಂದ ಈ ಪ್ರಬಂಧ ಹುಟ್ಟಿತು. ಇದರ ದೇಶವ್ಯಾಪ್ತಿ ಬಾದಾಮಿಯಿಂದ ಇಳಕಲ್‌ವರೆಗೆ, ನಡುವೆ ಹುನಗುಂದದಲ್ಲಿ ಚಹಾ. ಕಾಲವ್ಯಾಪ್ತಿ ಕ್ರಿ.ಶ. 543ರಿಂದ ನಿನ್ನೆ ಮಧ್ಯಾಹ್ನದ ಊಟದವರೆಗೆ. 543 ಏಕೆಂದರೆ, ಒಂದನೆಯ ಪುಲಕೇಶಿ ಬಾದಾಮಿಯ ಗುಡ್ಡದ ಮೇಲೆ ಕೋಟೆ ಕಟ್ಟಿದ್ದು ಆಗ. ಅವನ ವಂಶದ ಲಾಂಛನ ವರಾಹ. ಅದು ನಾರಾಯಣನ ಪ್ರಸಾದದಿಂದ ಬಂದದ್ದೆಂದು ಚಾಲುಕ್ಯರ ಶಾಸನಗಳು ಹೇಳಿಕೊಳ್ಳುತ್ತವೆ.

ಮೊದಲು ಪ್ರತ್ಯಕ್ಷ ಪ್ರಮಾಣ. ಬಾದಾಮಿಯ ಎರಡನೆಯ ಮತ್ತು ಮೂರನೆಯ ಗುಹೆಗಳಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನಿದ್ದಾನೆ. ಐಹೊಳೆಯ ರಾವಣಫಡಿಯಲ್ಲೂ ಇದ್ದಾನೆ. ಮೂರನೆಯ ಗುಹೆಯಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ, ಮಂಗಳೇಶನ ಶಾಸನವಿರುವುದರಿಂದ ಕಾಲನಿರ್ಣಯದ ಜಗಳಕ್ಕೆ ಆಸ್ಪದವಿಲ್ಲ. ವಿದ್ವಾಂಸರಿಗೆ ಇದು ತುಸು ಬೇಸರದ ಸಂಗತಿ. ದೇವರಿಗೆ ಕೈಮುಗಿದು, ಪಕ್ಕಕ್ಕೆ ಸರಿದು, ಪ್ರಬಂಧಕಾರನು ಕಲ್ಲನ್ನಷ್ಟೇ ವಿಚಾರಕ್ಕೆ ತೆಗೆದುಕೊಂಡನು. ಮರಳುಗಲ್ಲಿನ ಬಹುಭಾಗ ಸಿಲಿಕಾ: ಕೊಬ್ಬು ಸೊನ್ನೆ, ಪ್ರೋಟೀನ್ ಸೊನ್ನೆ, ಕ್ಯಾಲೊರಿ ಸೊನ್ನೆ. ವರಾಹಮುದ್ರೆಯ ಚಿನ್ನದ ನಾಣ್ಯದ್ದೂ ಇದೇ ಫಲಿತಾಂಶ. ಆದರೆ ಅಂಥದೊಂದು ನಾಣ್ಯ ಕೈಯಲ್ಲಿದ್ದರೆ ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಪುಷ್ಟಿಯಾಗಿರಬಹುದು. ಪೋಷಕಾಂಶದ ಕೋಷ್ಟಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಪ್ರತ್ಯಕ್ಷಕ್ಕೆ ಸಿಗುವ ಇನ್ನೊಂದು ಹಂದಿ ಗಟಾರದ ಪಕ್ಕದ್ದು. ಅದರ ಬಗ್ಗೆ ಊರವರ ಅಭಿಪ್ರಾಯ ಏಕಕಂಠದ್ದು, ಪ್ರಕಟಣೆಗೆ ಯೋಗ್ಯವಲ್ಲ. ವಿದೇಶದ ಕೋಷ್ಟಕಗಳು ದೊಡ್ಡಿಯಲ್ಲಿ ಮೆಕ್ಕೆಜೋಳ, ಸೋಯಾ ತಿಂದು ಬೆಳೆದ ಹಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಕಂಡದ್ದನ್ನು ತಿನ್ನುವ ಹಂದಿಯ ಮಾಂಸ ಸರಿಯಾಗಿ ಬೇಯದಿದ್ದರೆ ಲಾಡಿಹುಳು ಹೊಟ್ಟೆ ಸೇರುತ್ತದೆ. ಅದರ ಮೊಟ್ಟೆ ಮಲದಿಂದ ನೀರಿಗೆ, ಕಾಯಿಪಲ್ಲೆಗೆ ಹತ್ತಿದರೆ ಹಂದಿಯನ್ನು ಮುಟ್ಟದವನ ಮಿದುಳಿನಲ್ಲೂ ಗಂಟು ಕಟ್ಟಿ ಫಿಟ್ಸ್ ತರಿಸಬಲ್ಲದು. ಈ ಅಧಿಕರಣದಲ್ಲಿ ಹಾಸ್ಯಕ್ಕೆ ಅವಕಾಶವಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಇನ್ನು ಶಬ್ದ ಪ್ರಮಾಣ. ಪ್ರಬಂಧದ ಜೀವಾಳ ಇಲ್ಲಿದೆ. ಬಾದಾಮಿಯವರ ವಂಶಜರೆಂದು ಹೇಳಿಕೊಂಡ, ಅದೇ ವರಾಹವನ್ನು ಲಾಂಛನವಾಗಿಟ್ಟುಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೆಂಬ ದೊರೆಯಿದ್ದ, ಬಿರುದು ಭೂಲೋಕಮಲ್ಲ. 1129ರ ಸುಮಾರಿಗೆ ಅವನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ. ರಾಜ್ಯ ಗಳಿಸುವುದರಿಂದ ಹಿಡಿದು ಆನೆ, ಸಂಗೀತ, ಊಟದವರೆಗೆ ಎಲ್ಲವೂ ಉಂಟು. ಅನ್ನಭೋಗದ ಭಾಗದಲ್ಲಿ ಉದ್ದಿನಿಂದ ಮಾಡುವ ‘ಇಡ್ಡರಿಕಾ’ ಬರುತ್ತದೆ. ನಮ್ಮ ಇಡ್ಲಿಯ ವಂಶಾವಳಿ ಬರೆಯುವ ಪ್ರತಿ ವಿದ್ವಾಂಸನೂ ಈ ಪುಟಕ್ಕೆ ಬಂದು, ಎದೆಯುಬ್ಬಿಸಿ, ಉಲ್ಲೇಖ ಬರೆದುಕೊಂಡು, ಪುಸ್ತಕ ಮುಚ್ಚುತ್ತಾನೆ. ಮುಚ್ಚದೆ ಪುಟ ಮಗುಚಿದರೆ ಹಂದಿ ಎದುರಾಗುತ್ತದೆ.

ದೊರೆ ಈ ವಿಷಯದಲ್ಲಿ ಸಂಕೋಚಪಟ್ಟವನಲ್ಲ. ಹಂದಿಯ ಮೇಲೆ ಬಿಳಿಯ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತುಬರುವಷ್ಟು ಕುದಿನೀರು ಸುರಿಯಬೇಕು. ಇಲ್ಲವೇ ಮಣ್ಣು ಮೆತ್ತಿ ಹುಲ್ಲುಬೆಂಕಿಯಲ್ಲಿ ಸುಡಬೇಕು. ಆಮೇಲೆ ಬೇಯಿಸಿ, ತಾಳೆಗರಿಯಂತೆ ತೆಳ್ಳಗೆ ಪಟ್ಟಿಪಟ್ಟಿಯಾಗಿ ಕೊಯ್ಯಬೇಕು. ತೆಳ್ಳಗಿನ ಪಟ್ಟಿ! ಇಂಗ್ಲೆಂಡಿನವನ ಬೆಳಗಿನ ತಟ್ಟೆಯಲ್ಲಿ ಮುದುರಿ ಬಿದ್ದಿರುವುದೂ ಅದೇ ತಾನೆ? ಬೇಕನ್ನಿನ ತವರು ಕಲ್ಯಾಣ, ಅಜ್ಜನ ಮನೆ ಬಾದಾಮಿ ಎಂಬ ಸಿದ್ಧಾಂತ ಇಲ್ಲಿ ತಾನಾಗಿಯೇ ಎದ್ದು ನಿಲ್ಲುತ್ತದೆ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಹಂದಿಯ ಹೊಟ್ಟೆಯ ಇಲ್ಲವೇ ಬೆನ್ನಿನ ಭಾಗದ ಮಾಂಸವನ್ನು ಉಪ್ಪು ಮತ್ತು ನೈಟ್ರೈಟ್ ಹಾಕಿ ಹದಮಾಡಿ, ಹಲವು ಕಡೆ ಹೊಗೆಯನ್ನೂ ಕೊಟ್ಟರೆ ಮಾತ್ರ ಬೇಕನ್. ಬೆಂದ ಮೇಲೂ ಉಳಿಯುವ ಆ ಗುಲಾಬಿ ಬಣ್ಣ ನೈಟ್ರೈಟಿನದು. ಸೋಮೇಶ್ವರ ಹೇಳಿದ್ದು ಬರೀ ಹಂದಿಯ ಅಡುಗೆ, ಎಂದು ಅವರ ಆಕ್ಷೇಪ. ಇದಕ್ಕೆ ಉತ್ತರ ಇಳಕಲ್‌ನಲ್ಲಿದೆ. ಬೇಕನ್ ಪಟ್ಟಿಯ ಕೆಂಪು ಮಾಂಸದ ನಡುವೆ ಬಿಳಿ ಕೊಬ್ಬಿನ ಗೆರೆ ಓಡುವುದನ್ನು ನೋಡಿ, ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ನೋಡಿ: ಅದೇ ಕೆಂಪು, ಅದೇ ಬಿಳಿ. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ಯಂತೆಯೇ ಅಲ್ಲಿ ಕೊಬ್ಬು ಮಾಂಸವನ್ನು ಹಿಡಿದಿದೆ. ಇಷ್ಟು ಬಲವಾದ ಸಾಕ್ಷ್ಯದ ಮೇಲೆ ನಮ್ಮಲ್ಲಿ ವಿಮಾನವನ್ನೇ ಹಾರಿಸಿದವರಿದ್ದಾರೆ. ಹಂದಿ ಯಾವ ಲೆಕ್ಕ?

ಈಗ ಅಂಕಿಗಳಿಗೆ ಬರೋಣ. ಹುರಿದ ಬೇಕನ್ 100 ಗ್ರಾಂಗೆ ಸುಮಾರು 540 ಕ್ಯಾಲೊರಿ, 37 ಗ್ರಾಂ ಪ್ರೋಟೀನ್, 42 ಗ್ರಾಂ ಕೊಬ್ಬು. ಆ ಕೊಬ್ಬಿನಲ್ಲಿ ಅರ್ಧದ ಹತ್ತಿರ ಒಲೀಕ್ ಆಮ್ಲದಂಥ ಏಕ ಅಪರ್ಯಾಪ್ತ ಕೊಬ್ಬು ಎಂಬುದು ಹಂದಿಯ ವಕೀಲರ ನೆಚ್ಚಿನ ವಾದ. ಸೋಡಿಯಂ ಮಾತ್ರ 2 ಗ್ರಾಂ ಆಸುಪಾಸು: ವಿಶ್ವ ಆರೋಗ್ಯ ಸಂಸ್ಥೆ ಒಬ್ಬನಿಗೆ ಇಡೀ ದಿನಕ್ಕೆ ಕೊಟ್ಟ ಮಿತಿ ಅಷ್ಟೇ. ಬೇಕನ್ ಬಿಟ್ಟು ಸೊಂಟದ ಒಳಭಾಗದ ಎಳೆಮಾಂಸ ನೋಡಿದರೆ ಹಂದಿ ಬೇರೆಯೇ ಪ್ರಾಣಿ: ಸುಮಾರು 143 ಕ್ಯಾಲೊರಿ, 26 ಗ್ರಾಂ ಪ್ರೋಟೀನ್, ಕೊಬ್ಬು ಮೂರೂವರೆ ಗ್ರಾಂ. ಬಿ1 ಜೀವಸತ್ವದಲ್ಲಿ ಅದು ಕುರಿ, ಕೋಳಿ, ದನವನ್ನೆಲ್ಲ ಹಿಂದೆ ಹಾಕುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿ ಉಣ್ಣುವ ಕೊಡಗಿನವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಅವರು ಜೀವಸತ್ವಕ್ಕಾಗಿ ಉಣ್ಣುವುದೂ ಇಲ್ಲ.

ಹೋಲಿಕೆಗೆ ಕ್ಷೇತ್ರಕಾರ್ಯ ಬೇಕು. ಪ್ರಬಂಧಕಾರನು ಹುನಗುಂದದ ಒಂದು ಖಾನಾವಳಿಯಲ್ಲಿ ಸಣ್ಣ ತಕ್ಕಡಿಯೊಂದಿಗೆ ಕುಳಿತು ಶೇಂಗಾ ಹಿಂಡಿಯನ್ನು ತೂಗತೊಡಗಿದಾಗ ಯಜಮಾನರು ಬಂದು ನಿಂತರು.

“ತೂಗಿ ತಿನ್ನಾಕ ಇದೇನು ಬಂಗಾರೇನ್ರಿ ಸಾಹೇಬ್ರ? ಮೊದಲ ಉಣ್ರಿ, ಆಮ್ಯಾಲ ಬರ್ಕೋರಿ.”

“ಇದರಾಗ ಹಂದಿಯಷ್ಟು ಕೊಬ್ಬು ಐತ್ರಿ” ಎಂದದ್ದಕ್ಕೆ ಅವರು ಸುತ್ತ ನೋಡಿ, “ಸಣ್ಣಗ ಮಾತಾಡ್ರಿ, ಗಿರಾಕಿ ಅದಾರ” ಎಂದರು.

ಆದರೆ ಮಾತು ಸುಳ್ಳಲ್ಲ. ಶೇಂಗಾ 100 ಗ್ರಾಂಗೆ ಸುಮಾರು 520 ಕ್ಯಾಲೊರಿ, 40 ಗ್ರಾಂ ಕೊಬ್ಬು, 24 ಗ್ರಾಂ ಪ್ರೋಟೀನ್. ಕೊಬ್ಬಿನಲ್ಲಿ ಬೇಕನ್ನಿಗಿಂತ ಎರಡೇ ಗ್ರಾಂ ಕಡಿಮೆ, ಕೊಲೆಸ್ಟರಾಲ್ ಇಲ್ಲವೇ ಇಲ್ಲ. ಪಕ್ಕದ ಜೋಳದ ರೊಟ್ಟಿಯ ಹಿಟ್ಟಿನಲ್ಲಿ 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ನಾರಿನ ವಿಷಯದಲ್ಲಿ ಹಂದಿ ಪೂರ್ಣ ಮೌನಿ. ನ್ಯಾಯವಾಗಿ ಹೇಳಬೇಕೆಂದರೆ ಜೋಳಕ್ಕೂ ಶೇಂಗಾಕ್ಕೂ ಲೈಸಿನ್ ಎಂಬ ಅಮೈನೋ ಆಮ್ಲದ ಬಡತನವಿದೆ, ಹಂದಿಗೆ ಇಲ್ಲ. ಆ ಬಡತನವನ್ನು ತಟ್ಟೆಯ ಮೂಲೆಯಲ್ಲಿದ್ದ ಹೆಸರುಕಾಳಿನ ಪಲ್ಯ ಸದ್ದಿಲ್ಲದೆ ನೀಗಿಸುತ್ತಿತ್ತು. ಖಾನಾವಳಿಯವರು ಅಮೈನೋ ಆಮ್ಲವೆಂಬ ಮಾತನ್ನೇ ಆಡದೆ ಇದನ್ನೆಲ್ಲ ಬಡಿಸುತ್ತಾರೆ. ಹೀಗೆ ನಡೆದರೆ ಪೋಷಣಶಾಸ್ತ್ರಜ್ಞರ ಗತಿಯೇನು?

ಶಬ್ದ ಪ್ರಮಾಣದಲ್ಲಿ ಒಂದು ಬಾಕಿ. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೇಕನ್ನಿನಂಥ ಸಂಸ್ಕರಿತ ಮಾಂಸವನ್ನು ಒಂದನೆಯ ಗುಂಪಿಗೆ ಹಾಕಿತು. ತಂಬಾಕು ಇರುವುದೂ ಅಲ್ಲೇ. ಗುಂಪು ಹೇಳುವುದು ಸಾಕ್ಷ್ಯದ ಬಲವನ್ನು, ಅಪಾಯದ ಪ್ರಮಾಣವನ್ನಲ್ಲ. ದಿನಕ್ಕೆ 50 ಗ್ರಾಂ ತಿನ್ನುತ್ತ ಹೋದರೆ ಕರುಳಿನ ಕ್ಯಾನ್ಸರಿನ ಸಂಭವ, ಇದ್ದದ್ದರ ಮೇಲೆ, ಶೇ. 18ರಷ್ಟು ಏರುತ್ತದೆಂದು ಅವರ ಲೆಕ್ಕ. ಇಷ್ಟು ಓದಿ ‘ನಾವು ಪಾರಾದೆವು’ ಎಂದು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನಿಟ್ಟುಸಿರಿಟ್ಟರು. ಅವರ ಬಾಯಲ್ಲಿ ಗುಟ್ಕಾ ಇತ್ತು.

ಮುಂದಿನ ಸಂಶೋಧನೆಗೆ ಅವಕಾಶ: ಮಾನಸೋಲ್ಲಾಸದ ಅದೇ ಭಾಗದಲ್ಲಿ ಹೊಳೆದಂಡೆಯ ಹೊಲದಲ್ಲಿ ಬೆಳೆದ ಕಪ್ಪು ಇಲಿಯನ್ನು ಕಾದ ಎಣ್ಣೆಯಲ್ಲಿ ಹುರಿಯುವ ಕ್ರಮವೂ ಇದೆ. ಅದರ ಪುಷ್ಟಿಮೌಲ್ಯ ಇನ್ನೂ ನಿರ್ಣಯವಾಗಬೇಕು. ಮಲಪ್ರಭೆ ಐಹೊಳೆಯ ಪಕ್ಕದಲ್ಲೇ ಹರಿಯುತ್ತದೆ, ಹೊಲಗಳಲ್ಲಿ ಇಲಿಗೆ ಬರವಿಲ್ಲ, ಎಣ್ಣೆ ಖಾನಾವಳಿಯವರು ಕೊಡಲಾರರು. ಆಸಕ್ತ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಸಸ್ಯಾಹಾರಿಗಳಿಗೆ ಸಹಮಾರ್ಗದರ್ಶಕರಾಗುವ ಅವಕಾಶವಿದೆ.